ಫೋಟೋ ಎಡಿಟಿಂಗ್‌ಗೆ ಡ್ರಾಯಿಂಗ್ ಟ್ಯಾಬ್ಲೆಟ್: ಯಾವುದು ಸಾಕು, ಯಾವುದು ಜಾಸ್ತಿ

ಗಾಳಿಗೆ ಹಾರಿದ ಕೂದಲಿನ ಅಂಚನ್ನು ಮೌಸ್ ಹಿಡಿದು ಮಾಸ್ಕ್ ಮಾಡಲು, ಅಂದರೆ ತಿದ್ದಬೇಕಾದ ಭಾಗವನ್ನಷ್ಟೇ ಬೇರ್ಪಡಿಸಲು, ಕೂತವರಿಗೆ ಆ ಪಾಡು ಗೊತ್ತು. ಒಂದು ಎಳೆ ಸರಿಹೋಯಿತು ಅನ್ನುವಷ್ಟರಲ್ಲಿ ಪಕ್ಕದ ಎಳೆ ಅರ್ಧ ಮಾಯ. ಅನ್‌ಡೂ ಒತ್ತಿ ಮತ್ತೆ ಶುರು. ಮೌಸ್‌ಗೆ ಗೊತ್ತಿರುವುದು ಎರಡೇ: ಒತ್ತಿದ್ದೀರಿ, ಇಲ್ಲಾ ಬಿಟ್ಟಿದ್ದೀರಿ. ಎಷ್ಟು ಒತ್ತಿದಿರಿ ಅಂತ ಅದು ಕೇಳುವುದೇ ಇಲ್ಲ. ಡ್ರಾಯಿಂಗ್ ಟ್ಯಾಬ್ಲೆಟ್ ಅಂದರೆ ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬಳಸುವ ಹಲಗೆ. ಆ ಪೆನ್ನಿಗೆ ಎಷ್ಟು ಒತ್ತಿದಿರಿ ಅನ್ನುವುದೇ ಮುಖ್ಯ. ಮೆಲ್ಲಗೆ ಸವರಿದರೆ ತೆಳು, ಅದುಮಿದರೆ ಗಾಢ.

ಆದರೆ ಟ್ಯಾಬ್ಲೆಟ್ ಕೊಳ್ಳಲು ಹೊರಟರೆ ಸಿಗುವ ಸಲಹೆಯೆಲ್ಲ ಹೆಚ್ಚಾಗಿ ಚಿತ್ರ ಬಿಡಿಸುವವರದ್ದು. ಅವರು ಖಾಲಿ ಹಾಳೆಯ ಮೇಲೆ ಉದ್ದುದ್ದ ಗೆರೆ ಎಳೆಯುತ್ತಾರೆ. ನಾವು ಆಗಲೇ ಇರುವ ಫೋಟೋ ಮೇಲೆ ಜೂಮ್ ಮಾಡಿಕೊಂಡು ಪುಟ್ಟ ಪುಟ್ಟದಾಗಿ ಸವರುತ್ತೇವೆ. ಅವರಿಗೆ ಗೆರೆಯ ಓಟ ಮುಖ್ಯ. ನಮಗೆ ಬಣ್ಣ, ಬೆಳಕು ಸರಿಯಾಗಿ ಕಾಣಬೇಕು, ಕೈ ಹಗುರವಾಗಿ ನಡೆಯಬೇಕು. ಹಾಗಾಗಿ ಅವರಿಗೆ ಒಳ್ಳೆಯದಾದ ಟ್ಯಾಬ್ಲೆಟ್ ನಮಗೂ ಒಳ್ಳೆಯದೇ ಆಗಬೇಕು ಅಂತೇನಿಲ್ಲ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಫೋಟೋ ಎಡಿಟ್ ಮಾಡುವ ಬಹಳಷ್ಟು ಜನರಿಗೆ ಸ್ಕ್ರೀನ್ ಇಲ್ಲದ, ಮಧ್ಯಮ ಅಳತೆಯ, ಸಾಧಾರಣ ಟ್ಯಾಬ್ಲೆಟ್ ಸಾಕು. ಮಿಕ್ಕ ದುಡ್ಡು ಒಳ್ಳೆಯ ಮಾನಿಟರ್‌ಗೆ ಹಾಕಿ. ಯಾಕೆ ಅಂತ ಮುಂದೆ ನೋಡೋಣ. ಈ ಮಾತು ಯಾರಿಗೆ ಒಪ್ಪುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಮೊದಲು, ಟ್ಯಾಬ್ಲೆಟ್ ಬೇಕಾ?

ನಿಮ್ಮ ಎಡಿಟಿಂಗ್ ಅಂದರೆ ಎಕ್ಸ್‌ಪೋಷರ್ ಏರಿಸು, ವೈಟ್ ಬ್ಯಾಲೆನ್ಸ್ ಸರಿಮಾಡು, ಕ್ರಾಪ್ ಮಾಡು, ಎಕ್ಸ್‌ಪೋರ್ಟ್ ಮಾಡು, ಇಷ್ಟೇ ಆಗಿದ್ದರೆ ಬೇಡ. ಸ್ಲೈಡರ್ ಎಳೆಯಲು ಮೌಸೇ ಚೆನ್ನ. ಪೆನ್ನಿನ ತುದಿಯಲ್ಲಿ ಪುಟ್ಟ ಸ್ಲೈಡರ್ ಹಿಡಿಯುವುದು, ಡಬಲ್ ಕ್ಲಿಕ್ ಮಾಡುವುದು ನಿಜಕ್ಕೂ ಕಿರಿಕಿರಿ.

ಬ್ರಷ್ ಹಿಡಿದು ಮಾಡುವ ಕೆಲಸ ಜಾಸ್ತಿ ಇದ್ದರೆ ಬೇಕು. ಮುಖದ ಮೇಲಿನ ನೆರಳು ಬೆಳಕನ್ನು ತಿದ್ದುವ ಡಾಡ್ಜ್ ಅಂಡ್ ಬರ್ನ್, ಕಲೆ ತೆಗೆಯುವ ಹೀಲಿಂಗ್ ಬ್ರಷ್, ಒಂದು ಜಾಗವನ್ನು ಇನ್ನೊಂದರ ಮೇಲೆ ನಕಲಿಸುವ ಕ್ಲೋನ್ ಸ್ಟ್ಯಾಂಪ್, ಕೈಯಲ್ಲಿ ಬಿಡಿಸುವ ಮಾಸ್ಕ್, ಹಳೆಯ ಹರಿದ ಫೋಟೋಗಳ ರಿಪೇರಿ. ಇವುಗಳಲ್ಲಿ ಪೆನ್ನಿನ ಲಾಭ ಮೊದಲ ದಿನವೇ ಕಾಣುತ್ತದೆ. ಫೋಟೋಶಾಪ್ ಮಾತ್ರ ಅಲ್ಲ, ಲೈಟ್‌ರೂಮ್ ಕ್ಲಾಸಿಕ್, ಕ್ಯಾಪ್ಚರ್ ಒನ್, ಅಫಿನಿಟಿ ಫೋಟೋ, ಗಿಂಪ್, ಡಾರ್ಕ್‌ಟೇಬಲ್‌ನ ಬ್ರಷ್‌ಗಳೂ ಪೆನ್ನಿನ ಒತ್ತಡಕ್ಕೆ ಸ್ಪಂದಿಸುತ್ತವೆ.

ಹಗುರ ಕೈ ಅಂದರೇನು ಅಂತ ಒಂದು ಉದಾಹರಣೆ. ಕಣ್ಣಿನ ಕೆಳಗೆ ಕಪ್ಪು ನೆರಳು ಇದೆ ಅಂದುಕೊಳ್ಳಿ. ಬೆಳಕು ತಿದ್ದುವ ಕರ್ವ್ಸ್ ಲೇಯರ್ ಹಾಕಿ ಸ್ವಲ್ಪ ಬೆಳಗಿಸಿ, ಅದರ ಮಾಸ್ಕನ್ನು ಪೂರ್ತಿ ಕಪ್ಪು ಮಾಡಿ (ಕಪ್ಪು ಇದ್ದಲ್ಲಿ ಆ ಲೇಯರ್ ಕಾಣುವುದಿಲ್ಲ), ಆಮೇಲೆ ಬಿಳಿ ಬ್ರಷ್‌ನಿಂದ ಬೇಕಾದಲ್ಲಿ ಮಾತ್ರ ಸವರಬೇಕು. ಮೌಸ್‌ನಲ್ಲಿ ಫ್ಲೋ, ಅಂದರೆ ಬ್ರಷ್ ಬಣ್ಣ ಸುರಿಸುವ ಪ್ರಮಾಣ, ಶೇಕಡಾ 5ಕ್ಕೆ ಇಳಿಸಿ ಹತ್ತು ಸಲ ಉಜ್ಜುತ್ತೀರಿ. ಎಲ್ಲಿ ಎರಡು ಸವರು ಒಂದರ ಮೇಲೊಂದು ಬಿತ್ತೋ ಅಲ್ಲಿ ಪಟ್ಟೆ. ಪೆನ್ನಿನಲ್ಲಿ ಮೂಗಿನ ಹತ್ತಿರ ಸ್ವಲ್ಪ ಒತ್ತಿ ಶುರು ಮಾಡಿ, ಕೆನ್ನೆಯ ಕಡೆ ಬರುತ್ತಾ ಕೈ ಎತ್ತಿಬಿಡಿ. ನೆರಳು ಎಲ್ಲಿ ಮುಗಿಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ಈ ಕೈ ಎತ್ತುವ ಕೆಲಸಕ್ಕೇ ನಾವು ದುಡ್ಡು ಕೊಡುತ್ತಿರುವುದು.

ಸ್ಕ್ರೀನ್ ಇರುವುದಾ, ಇಲ್ಲದ್ದಾ?

ದೊಡ್ಡ ಪ್ರಶ್ನೆ ಇದೇ. ಸ್ಕ್ರೀನ್ ಇಲ್ಲದ ಟ್ಯಾಬ್ಲೆಟ್ ಅಂದರೆ ಮೇಜಿನ ಮೇಲಿರುವ ಕಪ್ಪು ಹಲಗೆ. ಕೈ ಅಲ್ಲಿ ಓಡುತ್ತದೆ, ಕಣ್ಣು ಮಾನಿಟರ್ ಮೇಲಿರುತ್ತದೆ. ಸ್ಕ್ರೀನ್ ಇರುವುದಾದರೆ ಫೋಟೋ ಮೇಲೆಯೇ ನೇರವಾಗಿ ಪೆನ್ ಇಡುತ್ತೀರಿ.

ನೋಡಿದ ತಕ್ಷಣ ಎರಡನೆಯದೇ ಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಒಂದಷ್ಟು ತಿಂಗಳು ಸ್ಕ್ರೀನ್ ಇರುವುದರ ಮೇಲೇ ಕೆಲಸ ಮಾಡಿದೆ. ಮೊದಲ ವಾರ ಖುಷಿ. ಆಮೇಲೆ ಒಂದೊಂದೇ ತಕರಾರು. ಬೆಳಗಿಸಬೇಕಾದ ಕೆನ್ನೆಯನ್ನು ನನ್ನ ಕೈಯೇ ಮುಚ್ಚಿಕೊಂಡಿರುತ್ತಿತ್ತು. ಬೆರಳ ಗುರುತು ಬಿದ್ದು ಗಾಜು ಮಬ್ಬು. ಗಂಟೆಗಟ್ಟಲೆ ತಲೆ ಬಗ್ಗಿಸಿ ಕತ್ತು ನೋವು. ಎಲ್ಲಕ್ಕಿಂತ ದೊಡ್ಡ ತಲೆನೋವು ಬಣ್ಣದ್ದು. ಟ್ಯಾಬ್ಲೆಟ್‌ನಲ್ಲಿ ಹದವಾಗಿ ಕಂಡ ಚರ್ಮ ಪಕ್ಕದ ಮಾನಿಟರ್‌ನಲ್ಲಿ ಕೆಂಪಗೆ ಕಾಣುತ್ತಿತ್ತು. ಯಾವುದನ್ನು ನಂಬುವುದು?

ಇದಕ್ಕೆ ಕಾರಣ ಇದೆ. ಕಡಿಮೆ ಬೆಲೆಯ ಪೆನ್ ಡಿಸ್ಪ್ಲೇಗಳನ್ನು, ಅಂದರೆ ಸ್ಕ್ರೀನ್ ಇರುವ ಟ್ಯಾಬ್ಲೆಟ್‌ಗಳನ್ನು, ಮುಖ್ಯವಾಗಿ ಗೆರೆ ಎಳೆಯುವವರಿಗೆ ಅಂತ ಮಾಡಿರುತ್ತಾರೆ. ಬಣ್ಣದ ವ್ಯಾಪ್ತಿ ಸಾಮಾನ್ಯ ಸ್ಕ್ರೀನ್‌ಗಳ ಅಳತೆಗೋಲಾದ ಎಸ್‌ಆರ್‌ಜಿಬಿ ಸುತ್ತಮುತ್ತ ನಿಲ್ಲುತ್ತದೆ. ಹೊಳಪು ಕಡಿಮೆ, ರೆಸಲ್ಯೂಶನ್ ಬಹಳ ಸಲ 1920 × 1080. ಟ್ಯಾಬ್ಲೆಟ್ ಕಂಪನಿ ವಾಕಮ್‌ನ 2019ರ ಪೆನ್ ಡಿಸ್ಪ್ಲೇ ಸಿಂಟಿಕ್ 16 ಕೂಡ ಇದೇ ರೆಸಲ್ಯೂಶನ್‌ನದ್ದು. ಗೆರೆ ಎಳೆಯಲು ಅದು ಧಾರಾಳ. ಆದರೆ ಪ್ರಿಂಟ್‌ಗೆ ಹೋಗುವ ಫೋಟೋದ ಬಣ್ಣ ತೀರ್ಮಾನಿಸಲು ನಾನಂತೂ ಅದನ್ನು ನೆಚ್ಚಿಕೊಳ್ಳುವುದಿಲ್ಲ. ಬಣ್ಣಕ್ಕೆ ನಂಬಬಹುದಾದ ಪೆನ್ ಡಿಸ್ಪ್ಲೇಗಳೂ ಇವೆ. 2022ರಲ್ಲಿ ಬಂದ ಸಿಂಟಿಕ್ ಪ್ರೊ 27 ನಾಲ್ಕು-ಕೆ ರೆಸಲ್ಯೂಶನ್‌ನದ್ದು. ಅದು ಎಸ್‌ಆರ್‌ಜಿಬಿಗಿಂತ ವಿಶಾಲವಾದ ಅಡೋಬಿ ಆರ್‌ಜಿಬಿಯ ಶೇಕಡಾ 99 ಭಾಗ ತೋರಿಸುತ್ತದೆ ಅನ್ನುತ್ತದೆ ಕಂಪನಿ. ಆದರೆ ಆ ಮಟ್ಟದ ದುಡ್ಡಿನಲ್ಲಿ ಉತ್ತಮ ಮಾನಿಟರ್, ಅದರ ಬಣ್ಣ ಸರಿಹೊಂದಿಸುವ ಕ್ಯಾಲಿಬ್ರೇಟರ್, ಸ್ಕ್ರೀನ್ ಇಲ್ಲದ ಒಳ್ಳೆಯ ಟ್ಯಾಬ್ಲೆಟ್ ಮೂರೂ ಬರುತ್ತವೆ, ಇನ್ನೂ ಉಳಿಯುತ್ತದೆ.

ಹಾಗಾದರೆ ಸ್ಕ್ರೀನ್ ಇರುವುದು ಯಾರಿಗೆ? ಫೋಟೋ ಜೊತೆಗೆ ಚಿತ್ರವನ್ನೂ ಬಿಡಿಸುವವರಿಗೆ. ಕೂದಲನ್ನು ಎಳೆ ಎಳೆಯಾಗಿ ಕೈಯಲ್ಲೇ ಬಿಡಿಸಿ ಸೇರಿಸುವವರಿಗೆ. ಕಪ್ಪು ಬಿಳುಪಿನ ಹಳೆಯ ಫೋಟೋಗೆ ಬಣ್ಣ ತುಂಬುವವರಿಗೆ. ಸ್ಕ್ರೀನ್ ಇಲ್ಲದ್ದರಲ್ಲಿ ಎಷ್ಟು ದಿನ ಕಳೆದರೂ ಕೈಗೂ ಕಣ್ಣಿಗೂ ಹೊಂದಿಕೆ ಬಾರದವರಿಗೂ. ಅಂಥವರು ಕೆಲವರು ಇದ್ದೇ ಇರುತ್ತಾರೆ, ಅದೇನೂ ತಪ್ಪಲ್ಲ.

ಕೊಳ್ಳುವುದೇ ಆದರೆ ಎರಡು ವಿಷಯ ನೋಡಿ. ಒಂದು, ಗಾಜು ಮತ್ತು ಪ್ಯಾನೆಲ್ ಅಂಟಿಕೊಂಡಿರಬೇಕು. ಇದಕ್ಕೆ ಲ್ಯಾಮಿನೇಟೆಡ್ ಅನ್ನುತ್ತಾರೆ. ನಡುವೆ ಗಾಳಿಯ ಸಂದು ಇದ್ದರೆ ಪೆನ್ನಿನ ತುದಿ ಒಂದು ಕಡೆ, ಗೆರೆ ಇನ್ನೊಂದು ಕಡೆ ಇದ್ದ ಹಾಗೆ ಕಾಣುತ್ತದೆ. ಎರಡು, ನಿಮ್ಮ ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಪೋರ್ಟ್ ಚಿತ್ರವನ್ನೂ ಕಳಿಸುತ್ತದಾ ಅಂತ ಖಚಿತ ಮಾಡಿಕೊಳ್ಳಿ. ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳೂ ಕಳಿಸುವುದಿಲ್ಲ. ಕಳಿಸದಿದ್ದರೆ ಎಚ್‌ಡಿಎಂಐ ಒಂದು, ಯುಎಸ್‌ಬಿ ಒಂದು, ಪವರ್ ಒಂದು ಅಂತ ಮೂರು ವೈರ್ ಮೇಜಿನ ಮೇಲೆ ಹರಡಿಕೊಳ್ಳುತ್ತವೆ.

ಅಳತೆ: ನಿಮ್ಮ ಮಾನಿಟರ್ ಪಕ್ಕ ಇಟ್ಟು ಲೆಕ್ಕ ಹಾಕಿ

ಸಣ್ಣದು, ಮಧ್ಯಮ, ದೊಡ್ಡದು ಅನ್ನುವ ಮಾತು ಬಿಡಿ. ಪೆನ್ ಕೆಲಸ ಮಾಡುವ ಜಾಗ ಎಷ್ಟು ಮಿಲಿಮೀಟರ್ ಅಂತ ಮಾತ್ರ ನೋಡಿ. ಇಡೀ ಹಲಗೆಯ ಅಳತೆ ಬೇರೆ, ಈ ಜಾಗ ಬೇರೆ.

ಮೌಸ್ ಹಾಗಲ್ಲ ಟ್ಯಾಬ್ಲೆಟ್. ಮೌಸನ್ನು ಎತ್ತಿ ಬೇರೆ ಕಡೆ ಇಟ್ಟರೂ ಕರ್ಸರ್ ಇದ್ದಲ್ಲೇ ಇರುತ್ತದೆ. ಟ್ಯಾಬ್ಲೆಟ್‌ನ ಎಡ ಮೂಲೆ ಅಂದರೆ ಸ್ಕ್ರೀನಿನ ಎಡ ಮೂಲೆ, ಬಲ ಅಂದರೆ ಬಲ. ಇಡೀ ಸ್ಕ್ರೀನು ಆ ಪುಟ್ಟ ಜಾಗದಲ್ಲಿ ಕುಗ್ಗಿ ಕೂತಿರುತ್ತದೆ. ಎಷ್ಟು ಕುಗ್ಗಿದೆ ಅನ್ನುವುದೇ ಅಳತೆಯ ಗುಟ್ಟು.

ವಾಕಮ್‌ನ ಸ್ಕ್ರೀನ್ ಇಲ್ಲದ ಇಂಟುವೋಸ್‌ನ ಸಣ್ಣ ಟ್ಯಾಬ್ಲೆಟ್‌ನಲ್ಲಿ ಆ ಜಾಗ 152 × 95 ಮಿಲಿಮೀಟರ್, ಮಧ್ಯಮದಲ್ಲಿ 216 × 135. ಈಗ 27 ಇಂಚಿನ ಮಾನಿಟರ್ ತೆಗೆದುಕೊಳ್ಳಿ. ಅದರ ಅಗಲ ಸುಮಾರು 598 ಮಿಲಿಮೀಟರ್. ಸಣ್ಣದರ ಮೇಲೆ ಪೆನ್ 1 ಮಿಲಿಮೀಟರ್ ಸರಿದರೆ ಕರ್ಸರ್ ಹೆಚ್ಚುಕಡಿಮೆ 4 ಮಿಲಿಮೀಟರ್ ಓಡುತ್ತದೆ. ಮಧ್ಯಮದಲ್ಲಿ 2.8. ಕೈ ಚೂರು ನಡುಗಿದರೂ ಆ ನಡುಕ ನಾಲ್ಕು ಪಟ್ಟಾಗಿ ಸ್ಕ್ರೀನ್ ಮೇಲೆ ಕಾಣುತ್ತದೆ ಅಂದರೆ ಅರ್ಥ ಆಯಿತಲ್ಲ? ಅದೇ ಸಣ್ಣ ಟ್ಯಾಬ್ಲೆಟ್ ಅನ್ನು 15.6 ಇಂಚಿನ ಲ್ಯಾಪ್‌ಟಾಪ್‌ಗೆ ಹಾಕಿ. ಅಲ್ಲಿನ ಅಗಲ 345 ಮಿಲಿಮೀಟರ್, ಲೆಕ್ಕ 2.3ಕ್ಕೆ ಇಳಿಯಿತು. ಆರಾಮ.

ಹಾಗಾಗಿ ಲ್ಯಾಪ್‌ಟಾಪ್‌ನಲ್ಲೇ ಕೆಲಸ, ಬ್ಯಾಗಿನಲ್ಲಿ ಹಾಕಿಕೊಂಡು ಓಡಾಟ ಅಂದರೆ ಸಣ್ಣದು. 24 ಅಥವಾ 27 ಇಂಚಿನ ಮಾನಿಟರ್ ಇದ್ದರೆ ಮಧ್ಯಮ. ದೊಡ್ಡದರ ಬಗ್ಗೆ ಕೇಳುವವರು ಜಾಸ್ತಿ. ಇಂಟುವೋಸ್ ಪ್ರೊ ದೊಡ್ಡದರ 2017ರ ಮಾಡೆಲ್‌ನಲ್ಲಿ ಆ ಜಾಗ 311 × 216 ಮಿಲಿಮೀಟರ್. ಭುಜದಿಂದ ಕೈ ಬೀಸಿ ಗೆರೆ ಎಳೆಯುವವರಿಗೆ ಅದು ಸ್ವರ್ಗ. ಫೋಟೋ ತಿದ್ದುವಾಗ ನಮ್ಮದು ಮಣಿಕಟ್ಟಿನ ಕೆಲಸ. ಟೂಲ್‌ಬಾರ್‌ನಿಂದ ಲೇಯರ್ ಪ್ಯಾನೆಲ್‌ವರೆಗೆ ದಿನಕ್ಕೆ ನೂರಾರು ಸಲ ತೋಳು ಚಾಚಿದರೆ ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ. ಕೀಬೋರ್ಡ್ ಇಡಲೂ ಜಾಗ ಉಳಿಯುವುದಿಲ್ಲ.

ಇಲ್ಲಿ ಸಣ್ಣ ಸೆಟ್ಟಿಂಗ್ ಒಂದಿದೆ, ಬಹಳ ಜನ ಗಮನಿಸುವುದಿಲ್ಲ. ಹೆಚ್ಚಿನ ಟ್ಯಾಬ್ಲೆಟ್‌ಗಳ ಆಕಾರ 16:10, ಹೆಚ್ಚಿನ ಮಾನಿಟರ್‌ಗಳದ್ದು 16:9. ಹಾಗೇ ಬಿಟ್ಟರೆ ನೀವು ದುಂಡಗೆ ಸುತ್ತಿದ ವೃತ್ತ ಸ್ಕ್ರೀನ್ ಮೇಲೆ ಅಡ್ಡಡ್ಡ ಹಿಗ್ಗಿ ಮೊಟ್ಟೆಯಾಗುತ್ತದೆ, ಸುಮಾರು ಶೇಕಡಾ 11 ಅಗಲ ಜಾಸ್ತಿ. ಡ್ರೈವರ್‌ನಲ್ಲಿ, ಅಂದರೆ ಟ್ಯಾಬ್ಲೆಟ್ ಅನ್ನು ನಡೆಸುವ ಸಾಫ್ಟ್‌ವೇರ್‌ನಲ್ಲಿ, ಅನುಪಾತ ಕಾಪಾಡುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಎರಡು ಮಾನಿಟರ್ ಇದ್ದರೆ ಟ್ಯಾಬ್ಲೆಟ್ ಅನ್ನು ಒಂದಕ್ಕೆ ಮಾತ್ರ ಜೋಡಿಸಿ. ಎರಡಕ್ಕೂ ಹರಡಿದರೆ ಅಡ್ಡ ಓಟ ಇಮ್ಮಡಿಯಾಗಿ ಕೈ ಪೂರ್ತಿ ದಾರಿ ತಪ್ಪುತ್ತದೆ.

8192 ಅನ್ನುವ ನಂಬರ್

ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಬರೆದಿರುವುದು ಒತ್ತಡದ ಹಂತಗಳು. 2048, 4096, 8192, ಈಗ 16384 ಕೂಡ. ನಂಬರ್ ದೊಡ್ಡದಾದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಎಂಟು ಬಿಟ್ ಫೈಲಿನ ಲೇಯರ್ ಮಾಸ್ಕ್‌ನಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವ ಹಂತಗಳೇ 256. ನೀವು 2048 ಹಂತಗಳಲ್ಲಿ ಒತ್ತಿದರೂ 8192ರಲ್ಲಿ ಒತ್ತಿದರೂ ಕೊನೆಗೆ ಅದು ಬೀಳುವುದು ಆ 256ರಲ್ಲಿ ಒಂದಕ್ಕೆ. ಹದಿನಾರು ಬಿಟ್ ಫೈಲಿನಲ್ಲಿ ಹಂತಗಳು ಜಾಸ್ತಿ, ಒಪ್ಪಿದೆ. ಆದರೆ ನಮ್ಮ ಬೆರಳಿಗೆ ಅಷ್ಟು ಸೂಕ್ಷ್ಮ ಎಲ್ಲಿದೆ? 2048ರ ಪೆನ್ನಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಒಂದು ಫೋಟೋದಲ್ಲೂ ಕೊರತೆ ಕಂಡಿಲ್ಲ.

ನೋಡಬೇಕಾದದ್ದು ಬೇರೆ: ಪೆನ್ ಎಷ್ಟು ಹಗುರವಾಗಿ ಮುಟ್ಟಿದರೆ ಎಚ್ಚರವಾಗುತ್ತದೆ ಅನ್ನುವುದು. ಇದನ್ನು ಡಬ್ಬಿಯ ಮೇಲೆ ಸಾಮಾನ್ಯವಾಗಿ ಬರೆಯುವುದಿಲ್ಲ. ನೀವೇ ಪರೀಕ್ಷೆ ಮಾಡಬೇಕು. ಪೆನ್ನನ್ನು ಹಿಡಿಯದ ಹಾಗೆ ಹಿಡಿದು, ಅದರ ಭಾರದಲ್ಲೇ ಟ್ಯಾಬ್ಲೆಟ್ ಮೇಲೆ ಎಳೆಯಿರಿ. ತೆಳ್ಳಗೆ ಗೆರೆ ಬಂದರೆ ಒಳ್ಳೆಯ ಪೆನ್. ಏನೂ ಬರದೆ, ಸ್ವಲ್ಪ ಒತ್ತಿದ ಕೂಡಲೇ ದಪ್ಪ ಗೆರೆ ಧಡಕ್ಕನೆ ಬಂದರೆ ಡಾಡ್ಜ್ ಅಂಡ್ ಬರ್ನ್‌ಗೆ ಅದು ಆಗಿಬರುವುದಿಲ್ಲ. ಇನ್ನೊಂದು ಪರೀಕ್ಷೆ: ಸ್ಕೇಲ್ ಇಟ್ಟು ಓರೆಯಾಗಿ, ತುಂಬಾ ನಿಧಾನಕ್ಕೆ ಗೆರೆ ಎಳೆಯಿರಿ. ಗೆರೆ ಅಲೆಅಲೆಯಾಗಿ ಬಂದರೆ ಟ್ಯಾಬ್ಲೆಟ್‌ನದ್ದೇ ದೋಷ, ನಿಮ್ಮ ಕೈಯದ್ದಲ್ಲ.

ಪೆನ್ನಿನ ಓರೆಯನ್ನು ಗುರುತಿಸುವ ಟಿಲ್ಟ್ ಫೋಟೋ ಕೆಲಸಕ್ಕೆ ಅಷ್ಟೇನೂ ಬೇಕಾಗುವುದಿಲ್ಲ. ಇದ್ದರೆ ಇರಲಿ. ಚಾರ್ಜ್ ಬೇಡದ ಪೆನ್ ಮಾತ್ರ ಇರಲೇಬೇಕು. ಟ್ಯಾಬ್ಲೆಟ್‌ನೊಳಗಿನ ತಂತಿಜಾಲ ಹೊರಡಿಸುವ ಸಣ್ಣ ಕಾಂತಕ್ಷೇತ್ರದಿಂದಲೇ ಪೆನ್ನಿನೊಳಗಿನ ಸುರುಳಿಗೆ ಶಕ್ತಿ ಸಿಗುತ್ತದೆ. ಹಾಗಾಗಿ ಬ್ಯಾಟರಿಯೇ ಬೇಡ, ಪೆನ್ನೂ ಹಗುರ. ಒಂದು ಕಾಲಕ್ಕೆ ಇದು ಹೆಚ್ಚುಕಡಿಮೆ ವಾಕಮ್‌ಗೆ ಮಾತ್ರ ಮೀಸಲಾಗಿತ್ತು, ಬೇರೆಯವರ ಪೆನ್ನಿಗೆ ಬ್ಯಾಟರಿ ಹಾಕಬೇಕಿತ್ತು ಇಲ್ಲಾ ಚಾರ್ಜ್ ಮಾಡಬೇಕಿತ್ತು. ಈಗ ಹ್ಯೂಯಾನ್, ಎಕ್ಸ್‌ಪಿ-ಪೆನ್‌ಗಳಲ್ಲೂ ಬ್ಯಾಟರಿ ಇಲ್ಲದ ಪೆನ್ ಮಾಮೂಲಿ.

ಐಪ್ಯಾಡ್ ಆಗಲೇ ಇದ್ದರೆ?

ಇದ್ದರೆ ಮೊದಲು ಅದನ್ನೇ ಬಳಸಿ ನೋಡಿ. ಐಪ್ಯಾಡ್‌ಗೆ ಅಫಿನಿಟಿ ಫೋಟೋ 2017ರಲ್ಲೇ ಬಂದಿದೆ, ಫೋಟೋಶಾಪ್ 2019ರಲ್ಲಿ. ಕಂಪ್ಯೂಟರಿನ ಫೋಟೋಶಾಪ್‌ನಲ್ಲಿರುವ ಎಲ್ಲವೂ ಅಲ್ಲಿಲ್ಲ, ಆದರೆ ಮಾಸ್ಕ್, ಹೀಲಿಂಗ್, ಕ್ಲೋನ್ ಇವೆ. ಮ್ಯಾಕ್ ಇದ್ದರೆ 2019ರಿಂದ ಇರುವ ಸೈಡ್‌ಕಾರ್ ಸೌಲಭ್ಯದಲ್ಲಿ ಐಪ್ಯಾಡನ್ನೇ ಪೆನ್ ಡಿಸ್ಪ್ಲೇ ಥರ ಬಳಸಬಹುದು.

ಐಪ್ಯಾಡ್‌ನ ಪೆನ್ನಾದ ಆಪಲ್ ಪೆನ್ಸಿಲ್ ಕೊಳ್ಳುವಾಗ ಮಾತ್ರ ಹುಷಾರು. 2023ರಲ್ಲಿ ಬಂದ ಯುಎಸ್‌ಬಿ-ಸಿ ಆಪಲ್ ಪೆನ್ಸಿಲ್‌ಗೆ ಒತ್ತಡ ಗುರುತಿಸುವ ಶಕ್ತಿಯೇ ಇಲ್ಲ. ಬೆಲೆ ಕಡಿಮೆ ಅಂತ ತಗೊಂಡು ಆಮೇಲೆ ಕೈ ಹಿಸುಕಿಕೊಳ್ಳಬೇಡಿ, ನಮ್ಮ ಕೆಲಸಕ್ಕೆ ಅದು ದುಬಾರಿ ಮೌಸ್ ಅಷ್ಟೇ. ಬೇರೆ ಪೆನ್ಸಿಲ್‌ಗಳಲ್ಲಿ ಒತ್ತಡ ಇದೆ, ಆದರೆ ಯಾವ ಐಪ್ಯಾಡ್‌ಗೆ ಯಾವುದು ಹೊಂದುತ್ತದೆ ಅಂತ ನೋಡಿಕೊಳ್ಳಬೇಕು. ಟ್ಯಾಬ್ಲೆಟ್ ಕೆಲಸಕ್ಕೆ ಅಂತಲೇ ಹೊಸದಾಗಿ ಐಪ್ಯಾಡ್ ಕೊಳ್ಳುವುದು ನನ್ನ ಮಟ್ಟಿಗೆ ಸುಮ್ನೆ ಖರ್ಚು.

ವಾಕಮ್, ಹ್ಯೂಯಾನ್, ಎಕ್ಸ್‌ಪಿ-ಪೆನ್

ವಾಕಮ್ 1983ರಲ್ಲಿ ಜಪಾನಿನಲ್ಲಿ ಶುರುವಾದ ಕಂಪನಿ. ಅದರ ಬಲ ಪೆನ್ನಿನ ಹದ ಮತ್ತು ಬಾಳಿಕೆ. ಮಿಕ್ಕ ಎರಡರ ಬಲ ಬೆಲೆ. ಅದೇ ದುಡ್ಡಿಗೆ ಅಲ್ಲಿ ದೊಡ್ಡ ಜಾಗ, ಜಾಸ್ತಿ ಬಟನ್ ಸಿಗುತ್ತವೆ. ಹತ್ತು ವರ್ಷದ ಹಿಂದೆ ಕೇಳಿದ್ದರೆ ಕಣ್ಣು ಮುಚ್ಚಿ ವಾಕಮ್ ಅನ್ನುತ್ತಿದ್ದೆ. ಈಗ ಹಾಗೆ ಹೇಳಲಾರೆ. ಫೋಟೋ ಎಡಿಟಿಂಗ್ ಕಲಿಯುತ್ತಿರುವವರಿಗೆ ಹ್ಯೂಯಾನ್ ಅಥವಾ ಎಕ್ಸ್‌ಪಿ-ಪೆನ್‌ನ ಮಧ್ಯಮ ಟ್ಯಾಬ್ಲೆಟ್ ಒಳ್ಳೆಯ ಶುರು. ಇದೇ ಹೊಟ್ಟೆಪಾಡು, ದಿನಕ್ಕೆ ಆರೇಳು ಗಂಟೆ ಅನ್ನುವವರು ಇಂಟುವೋಸ್ ಪ್ರೊ ಮಧ್ಯಮದ ಕಡೆ ನೋಡಬಹುದು. ಲಿನಕ್ಸ್ ಬಳಸುವವರಿಗೂ ವಾಕಮ್ ಸಲೀಸು, ಅದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇದೆ.

ಯಾವ ಕಂಪನಿಯದ್ದಾದರೂ ತಲೆ ತಿನ್ನುವುದು ಡ್ರೈವರ್. ಒಂದು ರಾತ್ರಿ ಕೆಲಸ ಕೊಡಬೇಕಾದ ಗಡುವು ಹತ್ತಿರ ಬಂದಿತ್ತು. ಸಿಸ್ಟಮ್ ಅಪ್‌ಡೇಟ್ ಆಗಿದ್ದೇ ತಡ, ಪೆನ್ ಓಡುತ್ತದೆ, ಒತ್ತಡ ಮಾತ್ರ ಮಾಯ. ಸವರಿದ್ದೆಲ್ಲ ಒಂದೇ ದಪ್ಪ. ಪೆನ್ ಕೆಟ್ಟಿತು ಅಂತ ಬೈದುಕೊಂಡು ಎರಡು ಗಂಟೆ ಕಳೆದ ಮೇಲೆ ಗೊತ್ತಾಯಿತು, ವಿಂಡೋಸ್ ಇಂಕ್ ಅನ್ನುವ ಆಯ್ಕೆ ಡ್ರೈವರ್‌ನಲ್ಲಿ ಆಫ್ ಆಗಿತ್ತು, ಅಷ್ಟೇ. ಫೋಟೋಶಾಪ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒತ್ತಡದ ಸುದ್ದಿಯನ್ನು ಅದರ ಮೂಲಕವೇ ಕೇಳುತ್ತದೆ. ಮ್ಯಾಕ್‌ನಲ್ಲಾದರೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಆಕ್ಸೆಸಿಬಿಲಿಟಿ, ಇನ್‌ಪುಟ್ ಮಾನಿಟರಿಂಗ್ ಎರಡಕ್ಕೂ ಡ್ರೈವರ್‌ಗೆ ಅನುಮತಿ ಕೊಡಬೇಕು. ಹಳೆಯ ಟ್ಯಾಬ್ಲೆಟ್‌ನ ಡ್ರೈವರ್ ಪೂರ್ತಿ ತೆಗೆಯದೆ ಹೊಸದನ್ನು ಹಾಕಿದರೆ ಎರಡೂ ಕಿತ್ತಾಡುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಮಾಡೆಲ್‌ಗೆ ನಿಮ್ಮ ಈಗಿನ ಆಪರೇಟಿಂಗ್ ಸಿಸ್ಟಮ್‌ನ ಡ್ರೈವರ್ ಇದೆಯಾ ಅಂತ ಕಂಪನಿಯ ಪಟ್ಟಿಯಲ್ಲಿ ನೋಡದೆ ದುಡ್ಡು ಬಿಚ್ಚಬೇಡಿ.

ವೈರ್‌ಲೆಸ್ ಬೇಕಾ ಅಂತ ಕೇಳಿದರೆ, ಇದ್ದರೆ ಚೆನ್ನ, ಅದಕ್ಕಾಗಿ ಜಾಸ್ತಿ ಕೊಡುವುದು ಬೇಡ. ಬಟನ್‌ಗಳು ನಾಲ್ಕು ಇದ್ದರೂ ಸಾಕು. ನನ್ನದರಲ್ಲಿ ಆಲ್ಟ್, ಸ್ಪೇಸ್, ಅನ್‌ಡೂ, ಬ್ರಷ್ ಅಳತೆ ಇಷ್ಟೇ ಇವೆ. ಕ್ಲೋನ್ ಸ್ಟ್ಯಾಂಪ್‌ಗೆ ಆಲ್ಟ್ ಎಷ್ಟು ಸಲ ಬೇಕು ಅಂತ ನಿಮಗೇ ಗೊತ್ತು. ಮಿಕ್ಕಿದ್ದಕ್ಕೆ ಎಡಗೈ ಕೀಬೋರ್ಡ್ ಮೇಲೆ ಇದ್ದೇ ಇರುತ್ತದೆ. ಎಡಗೈಯವರು ಡ್ರೈವರ್‌ನಲ್ಲಿ ದಿಕ್ಕು ಬದಲಿಸಿ ಟ್ಯಾಬ್ಲೆಟ್ ಅನ್ನು ತಿರುಗಿಸಿ ಇಟ್ಟುಕೊಂಡರೆ ಆಯಿತು.

ತಂದ ಮೇಲೆ

ಮೊದಲ ಮೂರು ದಿನ ಬೇಸರ ಆಗುತ್ತದೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ. ಮೌಸನ್ನು ಡ್ರಾಯರ್‌ನಲ್ಲಿಟ್ಟು ಮೇಲ್ ನೋಡುವುದು, ಫೋಲ್ಡರ್ ತೆರೆಯುವುದು ಎಲ್ಲವನ್ನೂ ಪೆನ್ನಿನಲ್ಲೇ ಮಾಡಿ. ಒಂದೆರಡು ವಾರದಲ್ಲಿ ಕೈ ತಾನಾಗಿ ದಾರಿ ಕಂಡುಕೊಳ್ಳುತ್ತದೆ.

ಫೋಟೋಶಾಪ್‌ನಲ್ಲಿ ಬ್ರಷ್ ಹಿಡಿದಾಗ ಮೇಲ್ಗಡೆ ಬರುವ ಪಟ್ಟಿಯಲ್ಲಿ ಒತ್ತಡದ ಬಟನ್ ಎರಡಿವೆ. ಒಂದು ಅಪಾಸಿಟಿಗೆ, ಅಂದರೆ ಸವರು ಎಷ್ಟು ಗಾಢ ಅನ್ನುವುದಕ್ಕೆ, ಇನ್ನೊಂದು ಬ್ರಷ್ ಅಳತೆಗೆ. ಡಾಡ್ಜ್ ಅಂಡ್ ಬರ್ನ್ ಮಾಡುವಾಗ ಅಳತೆಯದ್ದನ್ನು ಆಫ್ ಮಾಡಿ, ಅಪಾಸಿಟಿಯದ್ದನ್ನು ಆನ್ ಇಡಿ. ಎರಡೂ ಆನ್ ಇದ್ದರೆ ಹಗುರ ಸವರು ತೆಳ್ಳಗಿನ ಗೀಚಾಗಿಬಿಡುತ್ತದೆ, ಚರ್ಮದ ಮೇಲೆ ಪರಚಿದ ಹಾಗೆ. ಕೂದಲ ಮಾಸ್ಕ್‌ಗೆ ಉಲ್ಟಾ: ಅಲ್ಲಿ ಅಳತೆ ಒತ್ತಡಕ್ಕೆ ಬದಲಾಗಲಿ, ಎಳೆಯ ತುದಿ ಚೂಪಾಗಿ ಬರುತ್ತದೆ.

ಪೆನ್ನಿನ ತುದಿಯ ನಿಬ್ ಸವೆಯುತ್ತದೆ. ಒರಟು ಮೇಲ್ಮೈ ಇದ್ದಷ್ಟೂ ಬೇಗ. ತುದಿ ಒಂದು ಕಡೆ ಚಪ್ಪಟೆಯಾಗಿ ಅಂಚು ಚೂಪಾದರೆ ಬದಲಿಸಿ, ಇಲ್ಲದಿದ್ದರೆ ಹಲಗೆಯನ್ನೇ ಗೀರುತ್ತದೆ. ಬದಲಿ ನಿಬ್ ಸುಲಭವಾಗಿ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ನನ್ನ ಹಳೆಯ ಟ್ಯಾಬ್ಲೆಟ್ ಅನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನಡುವೆ ಒಂದು ಅಂಗೈಯಷ್ಟು ಜಾಗ ಹೊಳೆಯುತ್ತದೆ, ಬಲ ತುದಿಯಲ್ಲಿ ಬೆರಳಗಲದ ಪಟ್ಟಿ. ನಡುವಿನದ್ದು ಅಷ್ಟು ವರ್ಷ ತಿದ್ದಿದ ಮುಖಗಳ ಜಾಗ. ಬಲದ್ದು ಲೇಯರ್ ಪ್ಯಾನೆಲ್. ಉಳಿದದ್ದೆಲ್ಲ ಇನ್ನೂ ಹೊಸದರ ಹಾಗೆ ಒರಟಾಗೇ ಇದೆ.